ಅರ್ಧ ಪದ ನಮ್ಮದು, ಉಳಿದರ್ಧ ಮಕ್ಕಳದು

ಬಸ್ಸಿನ ಕಿಟಕಿ ಪಕ್ಕ ಕೂತರೆ ನನಗೆ ನಿದ್ದೆ ಬರುತ್ತದೆ. ಪೂರ್ತಿ ನಿದ್ದೆಯಲ್ಲ, ಎಚ್ಚರವೂ ಅಲ್ಲ. ಕಂಡಕ್ಟರ್ ಕೂಗುವ ಊರಿನ ಹೆಸರು ಕೇಳಿಸುತ್ತಿರುತ್ತದೆ, ಕಣ್ಣುಬಿಟ್ಟು ನೋಡಿದರೆ ಆ ಊರು ಇದೇನಾ ಎಂದು ಅನುಮಾನವಾಗುತ್ತದೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿಕೊಂಡಿದ್ದ ನನ್ನನ್ನು ಶಿಕ್ಷಕರಿಗೆ ವಿಜ್ಞಾನದ ತರಬೇತಿ ಕೊಡುವ ಕೆಲಸಕ್ಕೆ ಹಾಕಿದ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ನಾಲ್ಕು ತಾಲ್ಲೂಕುಗಳನ್ನು ಈ ಅರೆನಿದ್ದೆಯಲ್ಲೇ ಸುತ್ತಿದ್ದೇನೆ. ಈಗ ನೆನಪು ಮಾಡಿಕೊಂಡರೆ ಎಲ್ಲವೂ ಕಲಸಿಕೊಂಡಿದೆ. ಜಗಳೂರಿನ ಬಿಸಿಗಾಳಿ ಹೊನ್ನಾಳಿಯ ಹೊಳೆಯ ಮೇಲೆ ಬೀಸುತ್ತದೆ. ನ್ಯಾಮತಿಯ ತರಬೇತಿ ಕೋಣೆಯ ಬಾಗಿಲು ತೆರೆದರೆ ಹೊರಗೆ ಸಂತೇಬೆನ್ನೂರಿನ ಸಂತೆ ಕಾಣುತ್ತದೆ. ಈ ಕಲಸುಮೇಲೋಗರದಲ್ಲಿ ಒಬ್ಬ ಟೀಚರ್ ಮಾತ್ರ ಎಲ್ಲೂ ಕರಗದೆ ಸ್ಪಷ್ಟವಾಗಿ ನಿಂತಿದ್ದಾರೆ. ಪರಿಚಯವಾಗಿ ಬಹಳ ದಿನಗಳವರೆಗೆ ನಾನು ಅವರ ದನಿಯನ್ನೇ ಕೇಳಿರಲಿಲ್ಲ.

ನನ್ನ ಕೆಲಸವನ್ನು ಹೇಳುವುದು ಸುಲಭ, ಮಾಡುವುದು ತಲೆನೋವು. ಮಕ್ಕಳು ಒಂದು ಪ್ರಯೋಗ ನೋಡಿದ ಮೇಲೆ ಅದು ಯಾಕೆ ಹಾಗಾಯಿತು ಎಂದು ತಮ್ಮದೇ ಮಾತಿನಲ್ಲಿ ಬರೆಯಬೇಕು. ನಿನಗೆ ಏನನ್ನಿಸುತ್ತದೆ ಎನ್ನುವುದು ಹೇಳಿಕೆ. ಅದು ನಿನಗೆ ಹೇಗೆ ಗೊತ್ತಾಯಿತು ಎನ್ನುವುದು ಸಾಕ್ಷಿ. ಆ ಸಾಕ್ಷಿಯ ಮೇಲೆ ಈ ಮಾತು ಹೇಗೆ ನಿಲ್ಲುತ್ತದೆ ಎನ್ನುವುದು ಕಾರಣ. ಇದನ್ನು ಮಕ್ಕಳ ಕೈಯಲ್ಲಿ ಬರೆಸುವುದು ಹೇಗೆ ಎಂದು ಟೀಚರುಗಳಿಗೆ ನಾನು ಹೇಳಿಕೊಡಬೇಕು. 'ಹೇಳಿಕೆ, ಸಾಕ್ಷಿ, ಕಾರಣ' ಎಂದು ಹಲಗೆಯ ಮೇಲೆ ಬರೆದ ಕೂಡಲೇ ಎಲ್ಲರೂ ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಆಮೇಲೆ ಅವರ ಶಾಲೆಗೆ ಹೋಗಿ ನೋಡಿದರೆ ಅದೇ ಮೂರು ಪದಗಳು ಮಕ್ಕಳ ನೋಟ್ಸಿನಲ್ಲಿ ಕೆಂಪು ಗೆರೆ ಎಳೆಸಿಕೊಂಡು ಕೂತಿರುತ್ತವೆ, ಅವುಗಳ ಕೆಳಗೆ ಟೀಚರ್ ಬರೆದುಕೊಟ್ಟ ಒಂದೇ ಉತ್ತರ. ಬಾಗಿಲ ಬಳಿ ಕೂತವನು ಕಂಡದ್ದೂ ಅದನ್ನೇ, ಕಿಟಕಿ ಬಳಿ ಕೂತವಳು ಕಂಡದ್ದೂ ಅದನ್ನೇ, ಆ ದಿನ ಶಾಲೆಗೇ ಬಾರದವನು ಕಂಡದ್ದೂ ಅದನ್ನೇ! ಇಂಥದ್ದು ನೋಡಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ. ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತೇನೆ.

ನಮ್ಮ ಕಡೆ ಪಾಠ ನಡೆಯುವ ರೀತಿಯೇ ಹಾಗೆ. ಟೀಚರ್ ಅರ್ಧ ಪದ ಹೇಳುತ್ತಾರೆ, ಉಳಿದರ್ಧವನ್ನು ಮಕ್ಕಳು ಕೂಗುತ್ತಾರೆ. "ನೀರು ಕಾದ್ರೆ ಏನಾಗ್ತೈತೆ? ಆ..." ಎಂದು ಟೀಚರ್ ಬಾಯಿ ತೆರೆದು ನಿಂತರೆ ಇಡೀ ತರಗತಿ "ವೀ!" ಎನ್ನುತ್ತದೆ. "ಎಲೆಯಾಗೆ ಇರೋ ಸಣ್ಣ ತೂತಿಗೆ ಏನಂತೀವಿ? ಪತ್ರರಂ..." ಎಂದರೆ "ಧ್ರಾ!" ತಪ್ಪಾಗುವುದಕ್ಕೆ ದಾರಿಯೇ ಇಲ್ಲ. ಟೀಚರಿಗೂ ಸಮಾಧಾನ, ಮಕ್ಕಳಿಗೂ ಸಂಭ್ರಮ. ನಾನೂ ಹಾಗೇ ಕಲಿತವಳು, ಹಾಗೇ ಕಲಿಸಿದವಳು. ಶಾಲೆಯ ಜಗಲಿಯಲ್ಲಿ ನಡೆದು ಹೋಗುವವರಿಗೆ ಪದಗಳ ಬಾಲ ಮಾತ್ರ ಕೇಳಿಸುತ್ತದೆ. ವೀ, ಧ್ರಾ, ಣಾ, ಣಾ. ಬಸ್ಸಿನ ಅರೆನಿದ್ದೆಯಲ್ಲಿ ಆ ಬಾಲಗಳು ತಲೆಯಿಲ್ಲದ ಗಾಳಿಪಟಗಳ ಹಾಗೆ ನನ್ನ ಸುತ್ತ ತೇಲಾಡುತ್ತಿದ್ದವು.

ಆ ಟೀಚರ್ ಸಿಕ್ಕಿದ್ದು ಚನ್ನಗಿರಿಯ ತರಬೇತಿಯಲ್ಲಿ. ಊಟ ಮುಗಿದ ಹೊತ್ತು. ಬಿಸಿಲು ಕಿಟಕಿಯಿಂದ ಇಳಿದು ಬೆಂಚುಗಳ ಮೇಲೆ ಮಲಗಿತ್ತು, ಶಿಕ್ಷಕರು ಕೂತಲ್ಲೇ ತೂಗುತ್ತಿದ್ದರು, ಹೇಳಬೇಕೆಂದರೆ ನಾನೂ ತೂಗುತ್ತಿದ್ದೆ. ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ ಸ್ಟೀಲ್ ಲೋಟಗಳಿಗೆ ನೀರಿನೊಂದಿಗೆ ಹಾಕಿ ಒಂದೊಂದು ಗುಂಪಿಗೆ ಒಂದೊಂದು ಕೊಟ್ಟೆ. ನೋಡನೋಡುತ್ತಿದ್ದಂತೆ ಲೋಟಗಳ ಹೊರಮೈ ಮಸುಕಾಯಿತು, ಮಸುಕಿನ ಮೇಲೆ ಹನಿಗಳು ಮೂಡಿದವು.

"ಈ ನೀರು ಎಲ್ಲಿಂದ ಬಂತು?" ಎಂದೆ.

"ಸಾಂದ್ರೀಕರಣ" ಎಂದು ಕೋಣೆಯೆಲ್ಲ ಒಟ್ಟಿಗೆ ಹೇಳಿತು.

"ಅದು ಹೆಸರು. ಲೋಟದ ಒಳಗಿನ ನೀರೇ ಹೊರಗೆ ಬಂದಿಲ್ಲ ಅಂತ ನಿಮಗೆ ಹೆಂಗೆ ಗೊತ್ತು?"

ಮುಂದಿನ ಸಾಲಿನ ಹಿರಿಯ ಸರ್ ಒಬ್ಬರು ನನ್ನನ್ನು ಕನಿಕರದಿಂದ ನೋಡಿದರು. "ಪುಸ್ತಕದಾಗೆ ಐತಲ್ರೀ ಮೇಡಂ."

"ಪುಸ್ತಕದಾಗೆ ಇರೋದು ಸಾಕ್ಷಿ ಅಲ್ರೀ ಸರ್. ನೀವು ಕಂಡಿದ್ದು ಸಾಕ್ಷಿ."

"ಹಂಗಾದ್ರೆ ಪುಸ್ತಕ ಸುಳ್ಳು ಅಂತೀರಾ?"

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಬರೆದುಕೊಡಿ ಎಂದು ಹಾಳೆ ಹಂಚಿದೆ. ಬಂದ ಹಾಳೆಗಳಲ್ಲಿ ಎಲ್ಲ ಗುಂಪುಗಳದ್ದೂ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ. ಮುತ್ತಿನಂಥ ಅಕ್ಷರದ ಒಬ್ಬರು ಬರೆದದ್ದು ಬೆಂಚಿನಿಂದ ಬೆಂಚಿಗೆ ಪಯಣ ಮಾಡಿ ಬಂದಿತ್ತು. ಕೊನೆಯಲ್ಲಿ ಸಿಕ್ಕ ಒಂದು ಹಾಳೆ ಮಾತ್ರ ಬೇರೆಯಾಗಿತ್ತು. 'ಲೋಟದ ಒಳಗಿನ ನೀರೇ ಹೊರಗೆ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಮನೆಯ ಮಣ್ಣಿನ ಮಡಕೆಯಲ್ಲಿ ಹಾಗೇ ಬರುತ್ತದೆ, ಕೈ ಇಟ್ಟು ನೋಡಿದ್ದೇನೆ. ಪುಸ್ತಕದಲ್ಲಿ ಬೇರೆ ಇದೆ, ಆದರೆ ಅದನ್ನು ನಾನು ಕಂಡಿಲ್ಲ' ಎಂದು ಅದರಲ್ಲಿ ಬರೆದಿತ್ತು.

ತಪ್ಪು ಉತ್ತರ. ಆದರೆ ಆ ಕೋಣೆಯಲ್ಲಿ ಯಾರಾದರೂ ನಿಜವಾಗಿ ಬರೆದ ಉತ್ತರವಿದ್ದರೆ ಅದೊಂದೇ. ನನಗೆ ಎಷ್ಟು ಖುಷಿಯಾಯಿತೆಂದರೆ ಗಟ್ಟಿಯಾಗಿ ಓದಿಬಿಟ್ಟೆ. ಮತ್ತೆ ನಗು. "ಇದನ್ನ ಬರೆದೋರು ಎದ್ದು ನಿಂತು ಇನ್ನೊಂದಿಷ್ಟು ಹೇಳ್ರಿ" ಎಂದೆ. ಹಿಂದಿನ ಬೆಂಚಿನಿಂದ ತಲೆಗೆ ತಿಳಿಹಸಿರು ಸ್ಕಾರ್ಫ್ ಸುತ್ತಿದ್ದ ಟೀಚರೊಬ್ಬರು ಎದ್ದರು. ಮುಖ ಕೆಂಪಾಗಿತ್ತು. ಕೈಚೀಲದಿಂದ ಒಂದು ಪುಟ್ಟ ಸ್ಲೇಟು ತೆಗೆದು ಬರೆದು ನನ್ನ ಕಡೆ ತಿರುಗಿಸಿದರು. 'ಮಾತಾಡುವ ಹಾಗಿಲ್ಲ ಮೇಡಂ. ಕ್ಷಮಿಸಿ.'

ಪಕ್ಕದಲ್ಲಿದ್ದವರು ವಿವರಿಸಿದರು. ಅವರ ಗಂಟಲಲ್ಲಿ ಗಂಟಾಗಿತ್ತು. ವರ್ಷಗಟ್ಟಲೆ ಕೂಗಿ ಪಾಠ ಮಾಡಿದ್ದಕ್ಕೆ ಬಂದದ್ದು ಎಂದು ದಾವಣಗೆರೆಯ ಡಾಕ್ಟರ್ ಹೇಳಿದ್ದರು. ಪಿಸುಮಾತೂ ಆಡಬಾರದು, ತಿಂಗಳುಗಳೇ ಆಗಬಹುದು, ದನಿ ಬಂದರೆ ಬಂತು, ಇಲ್ಲದಿದ್ದರೆ ಆಪರೇಷನ್. ರಜೆಯೆಲ್ಲ ಮುಗಿದಿತ್ತು. ತರಬೇತಿ ಬಂದಾಗ ಶಾಲೆಯಲ್ಲಿ ಯಾರಿಲ್ಲದಿದ್ದರೂ ನಡೆಯುತ್ತದೋ ಅವರನ್ನು ಕಳಿಸುವುದು ನಮ್ಮ ಹೆಡ್ಮಾಸ್ತರುಗಳ ಪದ್ಧತಿ. ಹಾಗೆ ಅವರು ನನ್ನ ಪಾಲಿಗೆ ಬಂದಿದ್ದರು.

ನಾನು ಕ್ಯಾಂಟೀನಿನಿಂದ ಕೇಸರಿಬಾತಿಗೆ ಹಾಕುವ ಬಣ್ಣ ತರಿಸಿ ಲೋಟದ ನೀರಿಗೆ ಕಲಕಿದೆ. ಒಳಗೆ ಕಿತ್ತಳೆ ಬಣ್ಣ, ಹೊರಗಿನ ಹನಿ ತಿಳಿಯಾಗಿಯೇ ಇತ್ತು. ಒಳಗಿನದೇ ಹೊರಗೆ ಬಂದಿದ್ದರೆ ಅದಕ್ಕೂ ಬಣ್ಣ ಇರಬೇಕಿತ್ತು. ಆ ಟೀಚರ್ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಾವು ಬರೆದಿದ್ದ ಹೇಳಿಕೆಯ ಮೇಲೆ ಒಂದು ಗೆರೆ ಎಳೆದರು. ಸೋತ ಮುಖವಲ್ಲ ಅದು, ಹಬ್ಬದ ದಿನ ಹೊಸಬಟ್ಟೆ ಹಾಕಿಕೊಂಡ ಮುಖ.

ಸಂಜೆ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಒಂದೇ ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಮಾತಾಡುವುದು, ಅವರು ಬರೆಯುವುದು. ಮನೆ ಹೊನ್ನಾಳಿಯಲ್ಲಿ. ಗಂಡನಿಗೆ ವೆಲ್ಡಿಂಗ್ ಅಂಗಡಿ. ಶಾಲೆ ಬಸವಾಪಟ್ಟಣದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ. ಊರಿನವರು 'ಮೂಗಿ ಟೀಚರ್' ಎಂದು ದೂರು ಕೊಟ್ಟಿದ್ದರು. ಪಾಠ ಮಾಡಲಾಗದವರು ತರಗತಿಯಲ್ಲಿ ಯಾಕೆ, ತಾಲ್ಲೂಕಿನ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರಲಿ ಎಂದು ಮಾತು ನಡೆದಿತ್ತು. ಅಧಿಕಾರಿಯೊಬ್ಬರು ಬಂದು ತರಗತಿ ನೋಡಿ ತೀರ್ಮಾನ ಮಾಡುವವರಿದ್ದರು.

"ಆಫೀಸು ಆರಾಮ್ ಅಲ್ಲೇನ್ರೀ? ಗಂಟಲಿಗೂ ಒಳ್ಳೇದು" ಎಂದೆ. ಸುಮ್ಮನೆ ಬಾಯಿಗೆ ಬಂದದ್ದು.

ಅವರು ಸ್ಲೇಟು ಒರೆಸಿದರು. 'ಮನೇಲೂ ಎಲ್ಲರೂ ಹಾಗೇ ಅಂತಾರೆ' ಎಂದು ಬರೆದರು. ಮತ್ತೆ ಒರೆಸಿದರು. 'ನನಗೆ ಮಕ್ಕಳು ಬೇಕು' ಎಂದು ಬರೆದರು. ಅದನ್ನು ಮಾತ್ರ ಒರೆಸದೆ ಮಡಿಲಲ್ಲಿ ಇಟ್ಟುಕೊಂಡು ಕೂತರು. ಅಷ್ಟರಲ್ಲಿ ಹೊನ್ನಾಳಿ ಬಸ್ಸು ಬಂತು, ಅವರು ಹೊರಟುಹೋದರು.

ಆ ಮೇಲೆ ಕೆಲಸ ಇದ್ದರೂ ಇಲ್ಲದಿದ್ದರೂ ಆ ದಾರಿಯಲ್ಲಿ ಹೋದಾಗಲೆಲ್ಲ ಅವರ ಶಾಲೆಗೆ ಇಳಿಯತೊಡಗಿದೆ. ಮೊದಲ ಸಲ ನೋಡಿದ್ದು ಒಂದು ವಿಚಿತ್ರ ದೃಶ್ಯ. ಟೀಚರ್ ಲೋಟ ತೋರಿಸಿ, ಅಭ್ಯಾಸಬಲದಿಂದ ಬಾಯಿ ತೆರೆದು ನಿಂತರು. ದನಿ ಬರಲಿಲ್ಲ. ಮಕ್ಕಳಿಗೂ ಅಭ್ಯಾಸಬಲ. ತಲೆಯಿಲ್ಲದ ಪದಕ್ಕೆ ಬಾಲ ಹಚ್ಚಲು ಶುರುಮಾಡಿದರು. "ಣಾ!" ಎಂದನೊಬ್ಬ. "ವೀ!" ಎಂದಳೊಬ್ಬಳು. "ಧ್ರಾ!" "ಮ್ಲಾ!" ಗೊತ್ತಿದ್ದ ಬಾಲಗಳೆಲ್ಲ ಖಾಲಿಯಾದ ಮೇಲೆ ತರಗತಿ ತಾನಾಗಿ ಸುಮ್ಮನಾಯಿತು. ಟೀಚರ್ ಬಾಯಿ ಮುಚ್ಚಿಕೊಂಡು ನಕ್ಕರು, ಸದ್ದಿಲ್ಲದ ನಗು. ಆಮೇಲೆ ಹಲಗೆಗೆ ತಿರುಗಿ ಬರೆದರು. 'ಲೋಟದ ಹೊರಗಿನ ನೀರು ಎಲ್ಲಿಂದ ಬಂತು? ಬರೆದು ಹೇಳಿ.'

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಹಲಗೆಯ ಮೇಲೆ ಬರಬಹುದೆಂದು ಪೆನ್ಸಿಲು ಹಿಡಿದು ಕಾದರು. ಬರಲೇ ಇಲ್ಲ. ಕೊನೆಗೆ ಒಬ್ಬ 'ಲೋಟ ಬೆವರಿದೆ' ಎಂದು ಬರೆದು ತಂದುಕೊಟ್ಟ. ಟೀಚರ್ ಅದರ ಕೆಳಗೆ 'ಹೇಗೆ ಗೊತ್ತು?' ಎಂದು ಬರೆದು ವಾಪಸು ಕೊಟ್ಟರು. ಅವನು ಜಾಗಕ್ಕೆ ಹೋಗಿ ತಲೆ ಕೆರೆದುಕೊಂಡು 'ನಾನೂ ಬೆವರುತ್ತೇನೆ' ಎಂದು ಬರೆದು ತಂದ. 'ನಿನಗೆ ಬೆವರು ಬರುವುದು ಬಿಸಿಲಿಗೆ. ಲೋಟಕ್ಕೆ?' ಎಂದು ಮತ್ತೆ ಬರೆದರು. ಹೀಗೆ ಒಂದು ಹಾಳೆ ಬೆಂಚಿನಿಂದ ಮೇಜಿಗೆ, ಮೇಜಿನಿಂದ ಬೆಂಚಿಗೆ ಓಡಾಡಿತು. ಮೊದಮೊದಲು ಅವರ ಮುಂದೆ ಮಕ್ಕಳ ಸಾಲೇ ನಿಲ್ಲುತ್ತಿತ್ತು, ಪಡಿತರದ ಅಂಗಡಿಯ ಮುಂದೆ ನಿಂತ ಹಾಗೆ. ದಿನ ಹೋದಂತೆ ಸಾಲು ಸಣ್ಣದಾಯಿತು, ಬರೆಯುವುದು ಉದ್ದವಾಯಿತು.

ಆ ತರಗತಿಯ ಮೌನ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಮಕ್ಕಳಿದ್ದೂ ಗದ್ದಲವಿಲ್ಲದ ಕೋಣೆ. ಪೆನ್ಸಿಲು ಹಾಳೆಯ ಮೇಲೆ ನಡೆಯುವ ಸದ್ದು, ಯಾರೋ ಮೂಗೆಳೆದುಕೊಳ್ಳುವ ಸದ್ದು, ಎಲ್ಲೋ ದೂರದಲ್ಲಿ ಮೆಕ್ಕೆಜೋಳ ಬಿಡಿಸುವ ಮಷಿನ್ನಿನ ಗುಂಯ್ ಎನ್ನುವ ಸದ್ದು. ಹೆಂಚಿನ ನಡುವಿನ ಗಾಜಿನಿಂದ ಬಿದ್ದ ಬೆಳಕಿನ ಚೌಕದಲ್ಲಿ ಸೀಮೆಸುಣ್ಣದ ಪುಡಿ ನಿಧಾನವಾಗಿ ಇಳಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಅದನ್ನೇ ನೋಡುತ್ತಾ ನಾನು ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ಮಕ್ಕಳು ಯೋಚನೆ ಮಾಡುವಾಗ ಮುಖ ಹೀಗಿರುತ್ತದೆ ಎನ್ನುವುದನ್ನು ಇಷ್ಟು ವರ್ಷದ ಕೆಲಸದಲ್ಲಿ ನಾನು ನಿಂತು ನೋಡಿಯೇ ಇರಲಿಲ್ಲ.

ಊರಿನವರಿಗೆ ಇದು ಹಿಡಿಸಲಿಲ್ಲ. ಒಬ್ಬ ಯಜಮಾನರು ಅಡಿಕೆ ಮಂಡಿಗೆ ಹೊರಟವರು ಗಾಡಿ ನಿಲ್ಲಿಸಿ ನನ್ನನ್ನು ಕೇಳಿದರು. "ಸ್ಕೂಲು ಅಂದ್ಮೇಲೆ ಸದ್ದು ಇರಬೇಕಲ್ರೀ ಮೇಡಂ. ಇದೇನು, ಯಾರೋ ಸತ್ತ ಮನಿ ಇದ್ದಂಗೆ ಐತೆ?"

"ಮಕ್ಳು ಬರೀತಾ ಅದಾರೆ ಯಜಮಾನ್ರೇ."

"ಬರೆಯಾಕೆ ಏನ್ ಐತ್ರೀ? ಹಲಗೆ ಮೇಲೆ ಒಂದು ಪ್ರಶ್ನೆ ಬಿಟ್ರೆ ಒಂದಕ್ಷರ ಇಲ್ಲ, ನಾನೇ ನೋಡೀನಿ."

ತರಬೇತಿ ಪಡೆದ ಶಿಕ್ಷಕರೇ ನನಗೆ ಕೇಳುತ್ತಿದ್ದದ್ದೂ ಇದೇ ಪ್ರಶ್ನೆ.

ನಾನು ನೋಡಿದ್ದನ್ನು ನ್ಯಾಮತಿಯ ತರಬೇತಿಗೆ ಕೊಂಡೊಯ್ದೆ. ಒಬ್ಬೊಬ್ಬರು ಟೀಚರ್ ಆಗಿ, ಉಳಿದವರು ಮಕ್ಕಳಾಗಿ ಕೂತು, ಬಾಯಿ ತೆರೆಯದೆ ಒಂದು ಪಾಠ ಮಾಡಿ ಎಂದೆ. ಒಬ್ಬ ಸರ್ ಹುಬ್ಬು ಹಾರಿಸಿ ಹಾರಿಸಿ ಅರ್ಧ ಪದ ಹೇಳಿದರು, 'ಮಕ್ಕಳು' ಉಳಿದರ್ಧ ಕೂಗಿದರು! ಇನ್ನೊಬ್ಬರು ಕೈಸನ್ನೆಯಲ್ಲೇ ಇಡೀ ಉತ್ತರ ಬರೆಸಿದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ನಕ್ಕು ಮುಗಿದ ಮೇಲೆ ನನಗೆ ಅಳು ಬರುವ ಹಾಗಾಯಿತು. ಉತ್ತರ ಹೇಳಿಬಿಡುವ ಆಸೆ ನಮಗೆ ನಾಲಗೆಯಲ್ಲಲ್ಲ, ಮೈಯೆಲ್ಲ ಇದೆ. ಜಗಳೂರಿನಲ್ಲಿ ಮಾತ್ರ ಒಂದು ಒಳ್ಳೆಯದಾಯಿತು. ಅಲ್ಲಿಯ ಗಾಳಿ ಕಿಟಕಿಯಿಂದ ನುಗ್ಗಿ, ಇಲಾಖೆಯಿಂದ ಬಂದಿದ್ದ ಮಾದರಿ ಉತ್ತರದ ಹಾಳೆಗಳನ್ನೆಲ್ಲ ಹೊರಗೆ ಹಾರಿಸಿಕೊಂಡು ಹೋಯಿತು. ಯಾರೂ ಹಿಡಿಯಲು ಓಡಬೇಡಿ ಎಂದೆ. ಬಯಲಿನಲ್ಲಿ ಬಿಳಿ ಹಾಳೆಗಳು ಎದ್ದೆದ್ದು ಬೀಳುತ್ತಾ ದೂರವಾಗುವುದನ್ನು ನಾವೆಲ್ಲ ಕಿಟಕಿಯ ಬಳಿ ನಿಂತು ನೋಡಿದೆವು. ಆ ದಿನ ಅವರು ಬರೆದ ಉತ್ತರಗಳು ಒಂದರ ಹಾಗೆ ಒಂದು ಇರಲಿಲ್ಲ.

ಅಧಿಕಾರಿ ಬರುವ ದಿನ ನನಗೂ ಬರಲು ಹೇಳಿದ್ದರು. ಟೀಚರ್ ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಅಧಿಕಾರಿ ಒಳ್ಳೆಯವರೇ, ಕುರ್ಚಿಯಲ್ಲಿ ಕೂರಲಿಲ್ಲ, ನಗುನಗುತ್ತಲೇ ಮಕ್ಕಳ ಮುಂದೆ ನಿಂತರು.

"ತಣ್ಣನೆ ಲೋಟದ ಹೊರಗೆ ಹನಿ ಬರ್ತೈತಲ್ಲ, ಅದಕ್ಕೇನಂತಾರೆ? ಸಾಂದ್ರೀ..." ಎಂದು ಬಾಯಿ ತೆರೆದು ಕಾದರು.

ಯಾರೂ ಮಾತಾಡಲಿಲ್ಲ.

"ಸಾಂದ್ರೀಕ..."

ಮಕ್ಕಳು ಅವರ ಬಾಯನ್ನೇ ನೋಡುತ್ತಿದ್ದರು. ಈ ಸರಿಗೂ ಗಂಟಲಿಗೆ ಏನೋ ಆಗಿದೆ ಎಂದುಕೊಂಡರೋ ಏನೋ.

"ಸಾಂದ್ರೀಕರ..." ಎಂದರು ಅವರು, ಬೇಡುವವರ ಹಾಗೆ. ಇನ್ನು ಒಂದೇ ಒಂದು ಅಕ್ಷರ ಉಳಿದಿತ್ತು. ಅದೂ ಬರಲಿಲ್ಲ. ಬಾಗಿಲ ಬಳಿ ನಿಂತ ಹೆಡ್ಮಾಸ್ತರು ನೆಲ ನೋಡಿದರು. ಟೀಚರ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಮಾಡಿಕೊಂಡಿದ್ದರು. ಅವರ ತರಗತಿ ಕೈತಪ್ಪಿ ಹೋಗುತ್ತಿರುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ.

ಆಗ ಮುಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ಹೆಸ್ರು ಗೊತ್ತಿಲ್ರೀ. ಆದ್ರೆ ಯಾಕೆ ಬರ್ತೈತೆ ಅಂತ ಬರೀಲೇನ್ರೀ?"

"ಬಾಯಲ್ಲೇ ಹೇಳಮ್ಮ."

"ಬಾಯಲ್ಲಿ ಹೇಳಿದ್ರೆ ಆಮೇಲೆ ತಿದ್ದಾಕೆ ಆಗಲ್ರೀ ಸರ್."

ಅಧಿಕಾರಿ ನನ್ನ ಕಡೆ ನೋಡಿದರು. ನಾನು ಏನೂ ಗೊತ್ತಿಲ್ಲದವಳ ಹಾಗೆ ಸೂರು ನೋಡಿದೆ. ಬರೆಯಿರಿ ಎಂದರು. ಇಡೀ ತರಗತಿ ಬಗ್ಗಿತು, ಅದೇ ಕನಸಿನ ಮೌನ ಬಂದು ಕೂತಿತು. ಅಧಿಕಾರಿ ಬೆಂಚುಗಳ ನಡುವೆ ನಡೆದಾಡತೊಡಗಿದರು, ನಡೆದಾಡುತ್ತಾ ನಿಂತರು, ನಿಂತಲ್ಲೇ ಓದತೊಡಗಿದರು.

ಆ ಹುಡುಗಿ ಬರೆದದ್ದು ಇದು. 'ನೀರು ಒಳಗಿಂದ ಬಂದಿಲ್ಲ. ಲೋಟದ ನೀರಿಗೆ ಬೆಲ್ಲ ಹಾಕಿದ್ದೆವು. ಒಳಗೆ ಸಿಹಿ ಇತ್ತು. ಹೊರಗಿನ ಹನಿಯನ್ನು ನೆಕ್ಕಿದೆವು, ಸಪ್ಪೆ ಇತ್ತು. ಒಳಗಿನದೇ ಬಂದಿದ್ದರೆ ಅದೂ ಸಿಹಿ ಇರಬೇಕಿತ್ತು. ಆದ್ದರಿಂದ ಗಾಳಿಯಿಂದ ಬಂದಿದೆ. ಗಾಳಿಯಲ್ಲಿ ನೀರಿರುವುದು ನನಗೆ ಕಾಣಿಸಿಲ್ಲ. ಆದರೆ ಬೇರೆ ಎಲ್ಲಿಂದ ಬರುತ್ತದೆ?'

ಅವಳ ಹಿಂದೆ ಕೂತಿದ್ದವನು ಬರೆದದ್ದು ಇನ್ನೊಂದು ತರಹ. ಲೋಟವೂ ಮಡಕೆಯ ಹಾಗೆ ನೀರು ಬಿಡುತ್ತದೆ, ಬೆಲ್ಲ ದಪ್ಪ ಇರುವುದರಿಂದ ಒಳಗೇ ಉಳಿದಿರಬಹುದು, ಎಂದು ಅವನ ವಾದ.

"ಇದು ತಪ್ಪು ಐತಲ್ಲ ಟೀಚರ್?" ಎಂದರು ಅಧಿಕಾರಿ.

ಟೀಚರ್ ಸ್ಲೇಟಿನಲ್ಲಿ ಬರೆದರು. ಅಕ್ಷರಗಳು ಸೊಟ್ಟವಾಗಿ ಬಂದವು. 'ಹೌದು ಸರ್. ನೀರೇ ಇಲ್ಲದ ಖಾಲಿ ಲೋಟವನ್ನು ಫ್ರಿಜ್ಜಿನಲ್ಲಿಟ್ಟು ತಂದು ನೋಡೋಣ ಅಂತ ಅವನೇ ಹೇಳಿದ್ದಾನೆ. ನಾಳೆ ಪಕ್ಕದ ಅಂಗಡಿಯಲ್ಲಿಟ್ಟು ತರಿಸುತ್ತೇನೆ.'

ಅಧಿಕಾರಿ ಸ್ಲೇಟನ್ನು ಓದಿದರು. ಮತ್ತೆ ಹುಡುಗನ ಹಾಳೆ ಓದಿದರು. ಊಟದ ಗಂಟೆ ಹೊಡೆದರೂ ಅವರಿಗೆ ಕೇಳಿಸಲಿಲ್ಲ, ಮಕ್ಕಳಿಗೂ ಕೇಳಿಸಲಿಲ್ಲ. ಹೊರಗೆ ಬಂದ ಮೇಲೆ ಜಗಲಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಖಾಲಿ ಲೋಟದ ಮೇಲೂ ಹನಿ ಬರ್ತೈತೇನ್ರೀ?" ಎಂದು ಮೆಲ್ಲಗೆ ಕೇಳಿದರು.

"ಮನೇಲಿ ಮಾಡಿ ನೋಡ್ರಿ ಸರ್" ಎಂದೆ. ಸೊಕ್ಕಿನ ಮಾತೇ ಅದು, ಆದರೆ ಅಂದು ನನಗೆ ಸೊಕ್ಕು ಬಂದಿತ್ತು. ಅವರು ನಕ್ಕರು. ಹೋಗುವಾಗ ಹೆಡ್ಮಾಸ್ತರಿಗೆ, "ಈ ವರ್ಷ ಇಲ್ಲೇ ಇರಲಿ. ಬರೋ ವರ್ಷದ ಹೊತ್ತಿಗೂ ದನಿ ಬರದಿದ್ರೆ ನೋಡೋಣ" ಎಂದರು. ಪೂರ್ತಿ ಗೆದ್ದಂತಲ್ಲ, ಸೋತಂತೂ ಅಲ್ಲ. ಟೀಚರ್ ಬಾವಿಕಟ್ಟೆಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದರು. ಅತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತಾಯಿತು.

ಬೇಸಿಗೆಯ ಬಿಸಿಲು ಏರುತ್ತಿದ್ದಾಗ ಒಂದು ದಿನ ಜಗಳೂರಿನಿಂದ ಬರುವ ಬಸ್ಸಿನಲ್ಲಿ ತೂಕಡಿಸುತ್ತಿದ್ದೆ. ಫೋನು ಬಂತು. ಗುರುತಿಲ್ಲದ ಹೆಣ್ಣುದನಿ. ಸ್ವಲ್ಪ ಒರಟು, ಬಹಳ ದಿನ ಮುಚ್ಚಿಟ್ಟ ಬಾಗಿಲು ತೆರೆದ ಹಾಗೆ ಕಿರುಗುಟ್ಟುವ ದನಿ.

"ಮೇಡಂ, ನಾನ್ರೀ."

"ಯಾರ್ರೀ?"

"ನಾನು. ಸ್ಲೇಟು."

ನಿದ್ದೆಯಲ್ಲಿದ್ದೇನೋ ಎಚ್ಚರದಲ್ಲಿದ್ದೇನೋ ತಿಳಿಯಲಿಲ್ಲ. ಕಿಟಕಿಯ ಹೊರಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಸದ್ದಿಲ್ಲದೆ ತಿರುಗುತ್ತಿದ್ದವು. ಇಷ್ಟು ದಿನ ನಾನು ಅವರಿಗೆ ಮನಸ್ಸಿನಲ್ಲೇ ಒಂದು ದನಿ ಕೊಟ್ಟಿದ್ದೆ, ಮೆತ್ತನೆಯದು. ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ನಾನು ಕೂಗಿಬಿಟ್ಟೆ.

"ಡಾಕ್ಟರು ದಿನಾ ಸ್ವಲ್ಪ ಸ್ವಲ್ಪ ಮಾತಾಡಬಹುದು ಅಂದಾರ್ರೀ. ಗಂಟು ಕರಗೈತಂತೆ. ಹೆಡ್ಮಾಸ್ಟರಿಗೆ ಹೇಳೀನಿ, ಅವರು ಮ್ಯಾಲಕ್ಕೆ ತಿಳಿಸ್ತಾರೆ. ಇನ್ನು ಆಫೀಸಿನ ಮಾತಿಲ್ಲ. ಆದ್ರೆ ಮೇಡಂ, ಮಕ್ಕಳಿಗೆ ಇನ್ನೂ ಹೇಳಿಲ್ಲ."

"ಯಾಕ್ರೀ? ಅವಕ್ಕೆ ಎಷ್ಟು ಖುಷಿಯಾಗ್ತೈತೆ!"

"ಹೆದ್ರಿಕೆ ಆಗ್ತೈತ್ರೀ. ಬಾಯಿ ತೆರೆದ್ರೆ ಮತ್ತೆ ನಾನೇ ಹೇಳಾಕೆ ಶುರು ಮಾಡ್ತೀನಿ. ಈಗೀಗ ಬರೆಯಾಕೆ ಹತ್ಯಾವೆ. ಇನ್ನೊಂದಿಷ್ಟು ದಿನ ಹಿಂಗೇ ಇರ್ತೀನಿ. ನೀವೂ ಹೇಳಬ್ಯಾಡ್ರಿ."

ಇಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ. ದನಿ ಬೇಕೆಂದು ಹಗಲೆಲ್ಲ ಹಂಬಲಿಸಿದವರು, ಬಂದ ದನಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತರಗತಿಗೆ ಹೋಗುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು, ಜೊತೆಗೆ ಇದೆಂಥ ಹುಚ್ಚಪ್ಪಾ ಎಂದೂ ಅನ್ನಿಸಿತು.

ಪರೀಕ್ಷೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅವರ ಶಾಲೆಗೆ ಹೋದೆ. ಬಸವಾಪಟ್ಟಣದಿಂದ ಬರುವ ಬಸ್ಸಿನಿಂದ ನಾವಿಬ್ಬರೂ ಒಟ್ಟಿಗೇ ಇಳಿದೆವು, ಪ್ರಾರ್ಥನೆಯಾದ ಮೇಲೆ ಒಟ್ಟಿಗೇ ತರಗತಿಗೆ ನಡೆದೆವು. ಒಳಗೆ ಕಾಲಿಟ್ಟರೆ ಮಕ್ಕಳು ಯಾರೂ ಕೂತಿರಲಿಲ್ಲ. ಗೋಡೆಗೆ ಒರಗಿ ನಿಂತು ಹಲಗೆ ನೋಡುತ್ತಿದ್ದರು. ಹಲಗೆಯ ಮೇಲೆ ಒಂದೊಂದು ಸಾಲು ಒಂದೊಂದು ಕೈಬರಹದಲ್ಲಿ ಹೀಗೆ ಬರೆದಿತ್ತು.

'ಹೇಳಿಕೆ: ಟೀಚರಿಗೆ ದನಿ ಬಂದಿದೆ.

ಸಾಕ್ಷಿ: ಟೀಚರ್ ಬಸ್ ಸ್ಟಾಪಿನಲ್ಲಿ ಫೋನಿನಲ್ಲಿ ಮಾತಾಡಿದ್ದನ್ನು ಇಬ್ಬರು ಕೇಳಿದ್ದಾರೆ. ನಿನ್ನೆ ಟೀಚರ್ ನಕ್ಕಾಗ ಸದ್ದು ಬಂತು, ಅದನ್ನು ಎಲ್ಲರೂ ಕೇಳಿದ್ದೇವೆ.

ಕಾರಣ: ಮೊದಲು ನಕ್ಕರೆ ಸದ್ದು ಬರುತ್ತಿರಲಿಲ್ಲ. ದನಿ ಇಲ್ಲದೆ ಸದ್ದು ಬರುವುದಿಲ್ಲ.

ಆದರೆ ನಮ್ಮ ಹತ್ತಿರ ಯಾಕೆ ಮಾತಾಡುವುದಿಲ್ಲ ಎಂದು ಗೊತ್ತಿಲ್ಲ.

ನಮ್ಮ ಮೇಲೆ ಸಿಟ್ಟಿರಬಹುದು. ಅದಕ್ಕೆ ಸಾಕ್ಷಿ ಇಲ್ಲ.'

ಟೀಚರ್ ಓದಿದರು. ಕೊನೆಯ ಸಾಲಿಗೆ ಬಂದಾಗ ಅವರ ಕೈ ತಾನಾಗಿ ನನ್ನ ತೋಳನ್ನು ಹಿಡಿಯಿತು. ಮಕ್ಕಳಲ್ಲಿ ಯಾರೂ ಅಲುಗಾಡಲಿಲ್ಲ. ಎಷ್ಟು ದಿನದಿಂದ ಇದನ್ನು ಒಳಗೇ ಇಟ್ಟುಕೊಂಡು ಒದ್ದಾಡಿದ್ದವೋ, ಪಾಪ.

"ಸಿಟ್ಟಿಲ್ಲ" ಎಂದರು ಟೀಚರ್. ಒಡೆದ ದನಿ, ಆದರೂ ಕೋಣೆಯ ಕೊನೆಯವರೆಗೂ ಕೇಳಿಸಿತು. "ನಿಮ್ಮ ಮ್ಯಾಲೆ ನಂಗೆ ಯಾವತ್ತೂ ಸಿಟ್ಟಿಲ್ರೋ ಮಕ್ಕಳೇ."

ಮುಂದಿನ ಬೆಂಚಿನ ಹುಡುಗಿ ಹಲಗೆಯ ಹತ್ತಿರ ಹೋದಳು. ಅಂಗೈಯಿಂದ ಕೊನೆಯ ಸಾಲನ್ನು ಮಾತ್ರ ಒರೆಸಿದಳು. ಉಳಿದದ್ದನ್ನು ಹಾಗೇ ಬಿಟ್ಟು, ಬಂದು ತನ್ನ ಜಾಗದಲ್ಲಿ ಕೂತಳು.